ವಾರ್ಸಾದಲ್ಲಿ ಭಗದತ್ತ

ಬೆಳಗಿನ ಕಾಫಿಯ ಹೊತ್ತಿಗೆ ಪಕ್ಕದ ಮನೆಯ ರಾಯರು ಪೇಪರಿನ ಕ್ರೀಡಾಪುಟ ತಂದು ನನ್ನ ಮುಂದೆ ಹಿಡಿದರು. ಪೋಲೆಂಡಿನ ಟೆನಿಸ್ ಆಟಗಾರ್ತಿ ಇಗಾ ಶ್ವಿಯೊಂತೆಕ್ ಅವರ ಚಿತ್ರ. "ಇದೇನ್ರೀ ಹೆಸರು? ಹೇಳೋಕೆ ಹೋದ್ರೆ ನಾಲಿಗೆ ಗಂಟು ಬೀಳುತ್ತೆ. ನಮ್ಮಲ್ಲಾದ್ರೆ ಒಂದೊಂದು ಹೆಸರಿಗೂ ಒಂದು ಅರ್ಥ ಇರುತ್ತೆ. ಇವರದಕ್ಕೆ ಏನಿದೆ ಮಣ್ಣು?" ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಲೋಟ ಕೆಳಗಿಟ್ಟು, ಹಾಲಿನವನು ಬಂದ ಎಂದು ಎದ್ದು ಹೋಗಿಯೇಬಿಟ್ಟರು.

ಮಾತು ಸಣ್ಣದು. ಆದರೂ ಸ್ನಾನಕ್ಕೆ ಹೋದಾಗಲೂ ಕೊರೆಯಿತು, ತಿಂಡಿಗೆ ಕೂತಾಗಲೂ ಕೊರೆಯಿತು. ಅರ್ಥವೆಂಬುದು ನಮ್ಮೂರ ನಾಮಕರಣದಲ್ಲಿ ಮಾತ್ರ ಹಂಚುವ ಸಕ್ಕರೆಯೇ? ಅದೂ ಪೋಲಿಷರ ಬಗ್ಗೆ ಈ ಮಾತು! ಹೆಸರಿನೊಳಗೆ ಇಡೀ ಹರಕೆಯನ್ನೇ ತುಂಬಿಡುತ್ತಿದ್ದ ಜನ ಅವರು.

ಇಗಾ ಎಂಬುದನ್ನೇ ನೋಡಿ. ಅದು ಯಾದ್ವಿಗಾ ಎಂಬ ಹಳೆಯ ಹೆಸರಿನ ಬಾಲ. (ಇಗ್ನಾತ್ಸಿಯಾ ಎಂಬುದನ್ನು ಚುಟುಕಾಗಿಸಿಯೂ ಇಗಾ ಅನ್ನುತ್ತಾರೆ, ನನ್ನ ಒಲವು ಯಾದ್ವಿಗಾ ಕಡೆಗೆ.) ಯಾದ್ವಿಗಾ ಜರ್ಮನ್ ಮೂಲದ ಹೆಸರು. ಅದರ ಎರಡು ತುಂಡುಗಳಿಗೂ ಕಾಳಗವೆಂದೇ ಅರ್ಥ. ಕಾಳಗದ ಮೇಲೆ ಕಾಳಗ. 1384ರಲ್ಲಿ ಕ್ರಾಕೋವಿನಲ್ಲಿ ಹತ್ತರ ಆಸುಪಾಸಿನ ಒಬ್ಬ ಹುಡುಗಿಗೆ ಪಟ್ಟ ಕಟ್ಟಿದರು, ಅವಳ ಹೆಸರು ಯಾದ್ವಿಗಾ. ರಾಣಿಯೆಂದಲ್ಲ, ರಾಜನೆಂದೇ ಕಟ್ಟಿದರು. ತನ್ನ ಹಕ್ಕಿನಿಂದಲೇ ಆಳುವವಳು ಎಂಬುದು ಯಾರಿಗೂ ಸಂದೇಹ ಬರಬಾರದಲ್ಲ. ಆಕೆ ತನ್ನ ಒಡವೆಗಳನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ಬಿಟ್ಟುಹೋದಳು. 1997ರಲ್ಲಿ ಆಕೆಗೆ ಸಂತಪದವಿ ಸಿಕ್ಕಿತು. ಇನ್ನು ಶ್ವಿಯೊಂತೆಕ್ ಎಂದರೆ ಹಳ್ಳಿಯ ಬಡಗಿಗಳು ಕಡೆದು ದಾರಿಬದಿಯ ಗೂಡಿನಲ್ಲಿಡುವ ಮರದ ಸಂತನ ಬೊಂಬೆ. ಇಷ್ಟೆಲ್ಲ ಹೊತ್ತ ಹೆಸರಿಗೆ ಮಣ್ಣೂ ಇಲ್ಲವಂತೆ!

ಪೋಲೆಂಡಿನಲ್ಲಿ ಅರ್ಧಕ್ಕರ್ಧ ಹೆಸರುಗಳು ಚರ್ಚಿನ ದಾರಿಯಲ್ಲಿ ಬಂದವು. ಯಾನ್, ಪ್ಯೋತ್ರ್, ಅನ್ನಾ, ಯೂಜೆಫ್. ಯುರೋಪಿನ ಯಾವ ಊರಿಗೆ ಹೋದರೂ ಇವರು ಸಿಗುತ್ತಾರೆ, ಅವರನ್ನು ಬಿಡೋಣ. ಮರಿಯಾ ಬಗ್ಗೆ ಮಾತ್ರ ಒಂದು ಮಾತು. ದೇವಮಾತೆಯ ಹೆಸರನ್ನು ಮನುಷ್ಯರು ಇಟ್ಟುಕೊಳ್ಳಬಾರದೆಂದು ಪೋಲಿಷರು ಶತಮಾನಗಳ ಕಾಲ ಮಕ್ಕಳಿಗೆ ಆ ಹೆಸರಿಡುತ್ತಿರಲಿಲ್ಲ. ಮರಿಯಾನ್ನಾ ಎಂದೋ ಮರಿನಾ ಎಂದೋ ತುಸು ತಿರುಚಿ ಇಡುತ್ತಿದ್ದರು. 1646ರಲ್ಲಿ ಫ್ರಾನ್ಸಿನಿಂದ ರಾಣಿಯಾಗಿ ಬಂದ ಮರಿ ಲೂಯಿಜ್ ಕೂಡ ಅಲ್ಲಿ ಲುದ್ವಿಕಾ ಮರಿಯಾ ಆಗಬೇಕಾಯಿತು, ಪವಿತ್ರವಾದ ಹೆಸರು ಹಿಂದಕ್ಕೆ ಸರಿಯಿತು. ಅತ್ತೆಯ ಹೆಸರನ್ನು ಬಾಯಲ್ಲಿ ಹೇಳಬಾರದೆಂದು ಮಗಳನ್ನು ಜೀವಮಾನವಿಡೀ ಪುಟ್ಟಿ ಎಂದೇ ಕರೆದ ತಾಯಂದಿರು ನಮ್ಮಲ್ಲಿ ಎಷ್ಟಿಲ್ಲ?

ನನಗೆ ನಿಜಕ್ಕೂ ಪ್ರೀತಿಯಿರುವುದು ಚರ್ಚು ಬರುವ ಮೊದಲಿನ ಹೆಸರುಗಳ ಮೇಲೆ. ಎರಡು ಪದ ಸೇರಿಸಿದರೆ ಒಂದು ಹೆಸರು, ಒಂದು ಹಾರೈಕೆ. ಜ್ಬಿಗ್ನ್ಯೆಫ್ ಎಂದರೆ ಸಿಟ್ಟನ್ನು ಕಳೆದುಕೊಂಡವನು. ವೊಯ್‌ಚೆಹ್ ಎಂದರೆ ಕಾಳಗದಲ್ಲಿ ಹಿಗ್ಗುವವನು. ಸ್ತಾನಿಸ್ವಾಫ್ ಎಂದರೆ ಹೆಸರುವಾಸಿಯಾಗಲಿರುವವನು. ಬೊಲೆಸ್ವಾಫ್ ಎಂದರೆ ಹೆಚ್ಚಿನ ಕೀರ್ತಿಯುಳ್ಳವನು. ಹಾರೈಕೆಯೆಲ್ಲ ಕೈಗೂಡುತ್ತದೆ ಎಂದೇನಿಲ್ಲ. ಹನ್ನೆರಡನೆಯ ಶತಮಾನದ ಮೊದಲಲ್ಲಿ ಈ ಹೆಸರುಗಳಲ್ಲಿ ಎರಡನ್ನು ಹೊತ್ತ, ಒಬ್ಬನೇ ತಂದೆಗೆ ಹುಟ್ಟಿದ ಇಬ್ಬರು ನಾಡಿಗಾಗಿ ಕಾದಾಡಿದರು. ಮೂರನೆಯ ಬೊಲೆಸ್ವಾಫ್ ತನ್ನ ಮಲ ಅಣ್ಣ ಜ್ಬಿಗ್ನ್ಯೆಫ್‌ನ ಕಣ್ಣು ಕೀಳಿಸಿದ. ಸಿಟ್ಟು ಬಿಟ್ಟವನೆಂದು ಹೆಸರಿಟ್ಟಿದ್ದ ಮಗನ ಗತಿ ಹಾಗಾಯಿತು. ಕಾಜಿಮ್ಯೆಶ್ ಕಥೆ ಇದಕ್ಕೆ ತಿರುಗಾಮುರುಗಾ. ಆ ಹೆಸರಿಗೆ ಶಾಂತಿ ಕೆಡಿಸುವವನೆಂಬ ಅರ್ಥವೇ ಮೇಲ್ನೋಟಕ್ಕೆ ಕಾಣುವುದು. ಕೆಲವರು ಮುಜುಗರಪಟ್ಟು ಶಾಂತಿ ಸಾರುವವನು ಎಂದು ತಿದ್ದುತ್ತಾರೆ. ಆ ಹೆಸರಿನ ಮೂರನೆಯ ದೊರೆಯೋ ಕೋಟೆ ಕಟ್ಟಿಸಿದ, ಕಾನೂನು ಬರೆಸಿದ, 1364ರಲ್ಲಿ ಕ್ರಾಕೋವಿನ ವಿಶ್ವವಿದ್ಯಾಲಯ ತೆರೆದ. ಮರದ ಪೋಲೆಂಡನ್ನು ಕಲ್ಲಿನದಾಗಿ ಮಾಡಿ ಹೋದ ಎಂದು ಇಂದಿಗೂ ಅವನನ್ನು ನೆನೆಯುತ್ತಾರೆ.

ಈಗ ರಾಯರಿಗೆ ಹೇಳಬೇಕಿದ್ದ ನಿಜವಾದ ಮಾತಿಗೆ ಬರುತ್ತೇನೆ. ಪೋಲೆಂಡಿನಲ್ಲಿ ಬೊಗ್ದಾನ್ ಎಂಬ ಹೆಸರಿದೆ. ಬೋಗ್ ಅಂದರೆ ದೇವರು, ದಾನ್ ಅಂದರೆ ಕೊಟ್ಟಿದ್ದು. ದೇವದತ್ತ ತಾನೇ ಎಂದು ದಾಟಿಹೋಗುವಂತಿಲ್ಲ. ಆ ಬೋಗ್ ನಮ್ಮ ವೇದದ ಭಗನ ಬಳಗ. ಭಗ ಆದಿತ್ಯರಲ್ಲಿ ಒಬ್ಬ, ಅವರವರ ಪಾಲಿನ ಭಾಗ್ಯವನ್ನು ಹಂಚುವವನು; ಭಗವಂತನೆಂಬ ಮಾತಿನಲ್ಲಿ ಕೂತಿರುವವನೂ ಅವನೇ. ಪೋಲಿಷಿನಲ್ಲಿ ಇಂದಿಗೂ ಸಿರಿವಂತನಿಗೆ ಬೊಗಾತಿ, ಬಡವನಿಗೆ ಉಬೊಗಿ ಎನ್ನುತ್ತಾರೆ. ಪಾಲಿದ್ದವನು, ಪಾಲಿಲ್ಲದವನು. ದಾನ್ ಎಂಬುದಕ್ಕೂ ದತ್ತ ಎಂಬುದಕ್ಕೂ ಬೇರು ಒಂದೇ. ಎರಡನ್ನೂ ಜೋಡಿಸಿ ನೋಡಿ: ಬೊಗ್ದಾನ್ ಎಂದರೆ ಭಗದತ್ತ!

ಭಗದತ್ತ ಅಂದೊಡನೆ ನನಗೆ ಬೇರೆ ಯಾವುದೂ ಕಾಣುವುದಿಲ್ಲ. ನಮ್ಮೂರ ದೇವಸ್ಥಾನದಲ್ಲಿ ಗಮಕಿಗಳು ದ್ರೋಣಪರ್ವ ಓದುವಾಗ ನಾವು ಹುಡುಗರು ಕಾಯುತ್ತಿದ್ದುದು ಸುಪ್ರತೀಕ ಆನೆ ಬರುವ ಗಳಿಗೆಗೆ. ಅದರ ಮೇಲೆ ಪ್ರಾಗ್ಜ್ಯೋತಿಷದ ಮುದುಕ ದೊರೆ. ಎಷ್ಟು ಮುದುಕನೆಂದರೆ ಸುಕ್ಕುಗಟ್ಟಿದ ರೆಪ್ಪೆ ಕಣ್ಣಿನ ಮೇಲೆ ಇಳಿಬೀಳುತ್ತದೆ; ಹಣೆಗೆ ಬಟ್ಟೆ ಕಟ್ಟಿ ಅದನ್ನು ಮೇಲೆತ್ತಿಕೊಂಡು ಯುದ್ಧಕ್ಕೆ ಬಂದಿದ್ದಾನೆ. ವ್ಯಾಖ್ಯಾನ ಮಾಡುವವರು ತಮ್ಮ ಶಲ್ಯವನ್ನೇ ಹಣೆಗೆ ಬಿಗಿದು ತೋರಿಸುತ್ತಿದ್ದರು. ಅವನು ಬಿಟ್ಟ ವೈಷ್ಣವಾಸ್ತ್ರಕ್ಕೆ ಕೃಷ್ಣನೇ ಎದೆಯೊಡ್ಡಬೇಕಾಯಿತು, ಅದು ಹಾರವಾಗಿ ಕೊರಳಿಗೆ ಬಿತ್ತು. ಅಂಥವನ ಹೆಸರನ್ನು ನಮ್ಮಲ್ಲಿ ಯಾರೂ ಈಗ ಮಗುವಿಗೆ ಇಡುವುದಿಲ್ಲ. ವಾರ್ಸಾದ ಟ್ರಾಮಿನಲ್ಲಿ ಅದೇ ಹೆಸರಿನವರು ಚೀಲ ಹಿಡಿದು ಕೂತಿರುತ್ತಾರೆ.

ಅಷ್ಟಕ್ಕೇ ಮುಗಿಯಲಿಲ್ಲ. ಪೋಲಿಷ್ ಹೆಸರುಗಳ ಕೊನೆಗೆ ಬರುವ 'ಸ್ವಾಫ್' ಇದೆಯಲ್ಲ, ಅದು ಸ್ವಾವಾ, ಕೀರ್ತಿ. ಕಿವಿಗೆ ಬಿದ್ದದ್ದು, ಜನ ಆಡಿಕೊಂಡದ್ದು. ಸಂಸ್ಕೃತದ ಶ್ರವಸ್ ಅದರ ಸೋದರ. ಗ್ರೀಕರ ಪೆರಿಕ್ಲಿಸ್‌ನ ಹೆಸರಿನ ತುದಿಯಲ್ಲಿರುವುದೂ ಅದೇ. ಹೆಚ್ಚಿನ ಕೀರ್ತಿಯವನು ಬೊಲೆಸ್ವಾಫ್ ಆದರೆ, ಭೂರಿಯಾದ ಕೀರ್ತಿಯವನು ನಮ್ಮ ಭೂರಿಶ್ರವ! ಸೋಮದತ್ತನ ಮಗ, ಸಾತ್ಯಕಿಯನ್ನು ಕೆಡವಿ ಕತ್ತಿಯೆತ್ತಿದಾಗ ಅರ್ಜುನನ ಬಾಣಕ್ಕೆ ತೋಳು ಕಳೆದುಕೊಂಡವನು, ರಣರಂಗದಲ್ಲೇ ಬಾಣಗಳನ್ನು ಹಾಸಿಕೊಂಡು ಪ್ರಾಯೋಪವೇಶಕ್ಕೆ ಕೂತವನು. ಹಾಗೆ ಕೂತವನ ತಲೆಯನ್ನು ಸಾತ್ಯಕಿ ಕತ್ತರಿಸಿದ್ದನ್ನು ಎರಡೂ ಪಾಳಯದವರು ಛೀ ಅಂದರು. 1025ರಲ್ಲಿ ಪೋಲೆಂಡಿನ ಮೊದಲ ದೊರೆಯಾಗಿ ಕಿರೀಟ ಧರಿಸಿದವನ ಹೆಸರೂ ಬೊಲೆಸ್ವಾಫ್. ಸಾವಿರಾರು ಮೈಲಿ ದೂರದ ಎರಡು ನಾಡುಗಳ ತಂದೆತಾಯಿಗಳು, ಒಬ್ಬರನ್ನೊಬ್ಬರು ಕಾಣದೆ, ಗಂಡುಮಗು ಹುಟ್ಟಿದಾಗ ಒಂದೇ ಬಯಕೆಯನ್ನು ಒಂದೇ ಬೇರಿನ ಮಾತಿನಲ್ಲಿ ಹೇಳಿಕೊಂಡರು. ಇದಕ್ಕಿಂತ ದೊಡ್ಡ ಸುದ್ದಿ ಇವತ್ತಿನ ಪೇಪರಿನಲ್ಲಿ ಇನ್ನೇನಿತ್ತು?

ಹೆಸರಿಡುವ ಶಾಸ್ತ್ರವೂ ಎಷ್ಟು ಹತ್ತಿರದ್ದು! ಅವರ ಅತ್ಯಂತ ಹಳೆಯ ಚರಿತ್ರೆಯನ್ನು ಹನ್ನೆರಡನೆಯ ಶತಮಾನದಲ್ಲಿ ಬರೆದವನನ್ನು ಗಾಲ್ ಅನೋನಿಮ್ ಎನ್ನುತ್ತಾರೆ. ಅವನು ಹೇಳುವ ಕಥೆ ಇದು. ಗ್ನಿಯೆಜ್ನೊ ಊರಿನ ಅರಸನ ಮನೆಯ ಔತಣಕ್ಕೆ ಇಬ್ಬರು ಪರದೇಶಿಗಳು ಬಂದರು, ಅವರನ್ನು ಬಾಗಿಲಿನಿಂದಲೇ ಅಟ್ಟಿದರು. ಅವರು ಹೋಗಿ ನಿಂತದ್ದು ಪ್ಯಾಸ್ತ್ ಎಂಬ ಬಡ ಉಳುವವನ ಗುಡಿಸಲ ಮುಂದೆ. ಅಲ್ಲಿ ಅವನ ಮಗನ ಜವಳ! ಇದ್ದ ಅಷ್ಟಿಷ್ಟು ಬಿಯರನ್ನು ಅತಿಥಿಗಳಿಗೆ ಬಡಿಸಿದರೆ ಅದು ಮುಗಿಯದೆ ಉಕ್ಕುತ್ತಲೇ ಹೋಯಿತು. ಬಂದವರು ಹುಡುಗನ ಕೂದಲು ತೆಗೆದು ಶ್ಯೆಮೊವಿತ್ ಎಂದು ಹೆಸರಿಟ್ಟರು. ಅರಸನ ವಂಶ ಅಳಿಯಿತು, ಉಳುವವನ ಮಗ ರಾಜ್ಯವಾಳಿದ. ಜವಳದ ವಯಸ್ಸು ಬರುವವರೆಗೆ ಮಗುವಿಗೆ 'ನ್ಯೆಮೂಯ್' ಎಂಬಂಥ ಮರೆಯ ಹೆಸರಿಡುವುದೂ ಇತ್ತಂತೆ. ಇವನು ನನ್ನವನಲ್ಲ ಎಂದು ಅದರ ಅರ್ಥ. ಸಾವು ಕೇಳಿಸಿಕೊಂಡು ಮುಂದೆ ಹೋಗಲಿ ಎಂಬ ಉಪಾಯ. ಕೂಸು ಉಳಿಯಲೆಂದು ತಿಪ್ಪಯ್ಯ, ಗುಂಡಪ್ಪ, ಕಲ್ಲಪ್ಪ ಎಂದು ಕರೆದ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

966ರಲ್ಲಿ ದೊರೆ ಮ್ಯೆಶ್ಕೊ ದೀಕ್ಷಾಸ್ನಾನ ಪಡೆದ ಮೇಲೆ ನಿಧಾನವಾಗಿ ಸಂತರ ಹೆಸರುಗಳು ಮೇಲಾದವು. ಸಂತರೇ ಹೊತ್ತುಕೊಂಡಿದ್ದರಿಂದ ಸ್ತಾನಿಸ್ವಾಫ್, ವೊಯ್‌ಚೆಹ್, ಕಾಜಿಮ್ಯೆಶ್ ಉಳಿದವು. ಮಿಕ್ಕವು ಮೂಲೆ ಸೇರಿದವು. 1795ರಲ್ಲಿ ಮೂರು ನೆರೆರಾಜ್ಯಗಳು ಹಂಚಿಕೊಂಡು ದೇಶವೇ ನಕಾಶೆಯಿಂದ ಅಳಿದಾಗ, ಜನ ಹಳೆಯ ಪೆಟ್ಟಿಗೆ ತೆರೆದು ಆ ಹೆಸರುಗಳನ್ನು ಮತ್ತೆ ತೊಟ್ಟಿಲಿಗೆ ತಂದರು. ಕವಿಗಳು ಹೊಸದನ್ನೂ ಕಟ್ಟಿದರು. ಗಂಡನ ಕವಚ ತೊಟ್ಟು ಯುದ್ಧಕ್ಕಿಳಿದ ನಾಯಕಿಗಾಗಿ ಆದಾಮ್ ಮಿತ್ಸ್ಕಿಯೆವಿಚ್ 1823ರಲ್ಲಿ ಗ್ರಾಜಿನಾ ಎಂಬ ಹೆಸರನ್ನು ಲಿಥುವೇನಿಯನ್ ಭಾಷೆಯ 'ಚೆಲುವು' ಎಂಬ ಮಾತಿನಿಂದ ಹೊಸೆದ. ಮುಂದೆ ಎಷ್ಟೋ ಮನೆಗಳಲ್ಲಿ ಗ್ರಾಜಿನಾರು ಹುಟ್ಟಿದರು.

ಅವರ ಪಂಚಾಂಗ ನನಗೆ ಇನ್ನೊಂದು ಹುಚ್ಚು. ದಿನಕ್ಕೊಂದೆರಡು ಹೆಸರು ಅಚ್ಚಾಗಿರುತ್ತದೆ. ಆ ಹೆಸರಿನವರಿಗೆಲ್ಲ ಅವತ್ತು ಇಮೆನಿನಿ, ಹೆಸರಿನ ಹಬ್ಬ. ದೊಡ್ಡವರಿಗೆ ಹುಟ್ಟುಹಬ್ಬಕ್ಕಿಂತ ಅದೇ ದೊಡ್ಡದೆನ್ನುವ ಮನೆಗಳು ಈಗಲೂ ಇವೆ. ವಯಸ್ಸು ಲೆಕ್ಕ ಹಾಕುವ ಕಾಟವಿಲ್ಲ, ಹೂವು ಹಿಡಿದು ಹೋದರಾಯಿತು. ಡಿಸೆಂಬರ್ 4 ಬಾರ್ಬರಾ ದಿನ. ಸಂತ ಬಾರ್ಬರಾ ಗಣಿಕಾರ್ಮಿಕರ ದೇವತೆಯಾದ್ದರಿಂದ ಸಿಲೇಸಿಯಾದ ಕಲ್ಲಿದ್ದಲು ಗಣಿಯವರು ಕಪ್ಪು ಸಮವಸ್ತ್ರ ತೊಟ್ಟು, ಟೋಪಿಗೆ ಗರಿಯ ತುರಾಯಿ ಸಿಕ್ಕಿಸಿ ವಾದ್ಯದೊಂದಿಗೆ ಹೊರಡುತ್ತಾರೆ. ಪೊಜ್ನಾನ್ ನಗರದಲ್ಲಂತೂ ಒಂದು ಬೀದಿಗೇ ಹೆಸರಿನ ಹಬ್ಬ. ಸಂತ ಮಾರ್ತಿನ್ ಬೀದಿ ನವೆಂಬರ್ 11ರಂದು ಹಬ್ಬ ಮಾಡಿಕೊಳ್ಳುತ್ತದೆ, ಊರಿಗೆ ಊರೇ ಬಿಳಿ ಗಸಗಸೆಯ ಹೂರಣ ತುಂಬಿದ ಬಾಗಿದ ರೊಟ್ಟಿ ತಿನ್ನುತ್ತದೆ.

ಅರ್ಥ ಎಷ್ಟೇ ಘನವಾಗಿರಲಿ, ಮನೆಯಲ್ಲಿ ಕರೆಯುವಾಗ ಕರಗುತ್ತದೆ. ಕತಜಿನಾ ಕಾಶಾ ಆಗುತ್ತಾಳೆ, ಬಾರ್ಬರಾ ಬಾಶಾ, ವೊಯ್‌ಚೆಹ್ ವೊಯ್ತೆಕ್. ಈ ಮುದ್ದಿನ ರೂಪವನ್ನು ಜನನ ದಾಖಲೆಯಲ್ಲಿ ಬರೆಸಲು ಅಲ್ಲಿನ ಕಾನೂನು ಬಿಡುವುದಿಲ್ಲ. ಅದು ಅಡುಗೆಮನೆಯ ಸೊತ್ತು. ಅವರಿಗೂ ಸಂಬೋಧನಾ ವಿಭಕ್ತಿ ಇದೆ. ತಾಯಿ ಕಿಟಕಿಯಿಂದ ಕೂಗುವಾಗ "ಕಾಶೂ!", "ಬಾಶೂ!" ಎನ್ನುತ್ತಾಳೆ. ನಮ್ಮ ಸರಸೂ, ಪದ್ದೂಗಳ ಓಣಿಯಲ್ಲಿ ಹಾಗೆ ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ.

ಬರೆಯುತ್ತ ಬರೆಯುತ್ತ ವಾಂದಾ ನೆನಪಾದಳು. ವಾಂದಾ ಕ್ರಾಕೋವಿನ ದಂತಕಥೆಯ ರಾಜಕುಮಾರಿ. ಜರ್ಮನ್ ದೊರೆಯನ್ನು ಒಲ್ಲದೆ ವಿಸ್ತುಲಾ ನದಿಗೆ ಹಾರಿದಳೆಂದು ಹೇಳುತ್ತಾರೆ, ಅವಳ ಹೆಸರಿನ ಮಣ್ಣಿನ ದಿಬ್ಬ ಇಂದಿಗೂ ಇದೆ. ಆ ಹೆಸರು ಹೊತ್ತ ವಾಂದಾ ದಿನೋಫ್ಸ್ಕಾ ಎಂಬ ಪೋಲಿಷ್ ಮಹಿಳೆ 1930ರ ದಶಕದಲ್ಲಿ ಭಾರತಕ್ಕೆ ಬಂದರು. ಗಾಂಧೀಜಿ ಅವರನ್ನು ಉಮಾದೇವಿ ಎಂದು ಕರೆದರು. ಬೆಂಗಳೂರಿನ ಸರ್ಕಾರಿ ವಿದ್ಯುತ್ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ತಮ್ಮ ದೇಶದವರೇ ಆದ ಮೌರಿತ್ಸಿ ಫ್ರಿದ್‌ಮನ್ ಜೊತೆಗೂಡಿ ಮದರಾಸಿನಲ್ಲಿ ಪೋಲಿಷ್-ಭಾರತೀಯ ಗ್ರಂಥಮಾಲೆ ಹೊರಡಿಸಿದರು, ಭಗವದ್ಗೀತೆಯನ್ನು ಪೋಲಿಷಿಗೆ ತಂದರು, ಟಿಬೆಟನ್ ನಿರಾಶ್ರಿತರಿಗಾಗಿ ದುಡಿದರು. 1971ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲೇ. ವಾಂದಾಗೆ ಹೆಸರಿನ ಹಬ್ಬ ಜೂನ್ 23ರಂದು. ಉಮೆಯ ಹಬ್ಬ ಎಂದರೆ ಭಾದ್ರಪದದ ತದಿಗೆ, ಗೌರಿ ಹಬ್ಬ. ಆ ವರ್ಷಗಳಲ್ಲಿ ಮೈಸೂರಿನ ಯಾವುದಾದರೂ ಮನೆಯವರು ಉಮಾದೇವಿಯವರನ್ನು ಕರೆದು ಬಾಗಿನ ಕೊಟ್ಟಿದ್ದರೆ, ಆ ಮನೆಯ ಹಿರಿಯರು ಈಗಲೂ ಇದ್ದರೆ, ದಯವಿಟ್ಟು ನನಗೊಂದು ಕಾಗದ ಬರೆಯಬೇಕು. ಬಸ್ಸು ಹತ್ತಿ ಬಂದು ಕೇಳಿಸಿಕೊಳ್ಳುತ್ತೇನೆ.