ಅಂಗೈಯಗಲದ ಆಸರೆ
250 ಅಶ್ವಶಕ್ತಿಯ ಕಾರು ಕೊಂಡ ಹಳೆಯ ಶಿಷ್ಯನೊಬ್ಬ ಕೇಳಿದ: “ಸಾರ್, ಘರ್ಷಣೆಗೂ ವಿಸ್ತೀರ್ಣಕ್ಕೂ ಸಂಬಂಧವಿಲ್ಲ ಎಂದು ಪಾಠ ಮಾಡಿದ್ದಿರಿ. ಹಾಗಾದರೆ ಅಗಲವಾದ ಟೈರು ಏಕೆ?”

ಒಳ್ಳೆಯ ಪ್ರಶ್ನೆ! ಆ ನಿಯಮ ಗಟ್ಟಿ ವಸ್ತುಗಳಿಗೆ. ಮೆತ್ತನೆಯ ರಬ್ಬರು ರಸ್ತೆಯ ಒರಟಿನೊಳಗೆ ಇಳಿದು ಹಿಡಿಯುತ್ತದೆ. ಆದರೆ ಅಗಲ ಹೆಚ್ಚಿದಂತೆ ಮಳೆನೀರಿನ ಮೇಲೆ ತೇಲುವ ಅಪಾಯವೂ ಹೆಚ್ಚು.

ಎಂಜಿನ್ನಿನ ಶಕ್ತಿ, ಬ್ರೇಕಿನ ಹಿಡಿತ ಎರಡೂ ರಸ್ತೆ ಮುಟ್ಟುವುದು ಅಂಗೈಯಗಲದ ನಾಲ್ಕು ತಾಣಗಳಲ್ಲಿ. ಆದ್ದರಿಂದ ಅಂದ ನೋಡುವ ಮೊದಲು ಟೈರಿನ ಪಕ್ಕದ ಬರಹ ಓದಿ. ‘ವಿ’ ಎಂದಿದ್ದರೆ ಅದು ತಾಳುವ ವೇಗ ಗಂಟೆಗೆ 240 ಕಿ.ಮೀ., ‘ಡಬ್ಲ್ಯು’ ಇದ್ದರೆ 270, ಓಡಿಸಲು ಅನುಮತಿಯಲ್ಲ! ತಯಾರಿಕೆಯ ನಾಲ್ಕಂಕಿ 2324 ಆದರೆ 2024ರ 23ನೇ ವಾರ. ತೋಡಿನ ಆಳ 1.6 ಮಿ.ಮೀ.ಗೆ ಇಳಿದರೆ ಬದಲಿಸಲೇಬೇಕು.

ಹೆತ್ತವರೇ, ಮಗನ ಕಾರಿಗೆ ಹಾಡಿನ ಪೆಟ್ಟಿಗೆ ಆಮೇಲೆ ಬರಲಿ. ಟೈರಿನಲ್ಲಿ ಮಾತ್ರ ಚೌಕಾಸಿ ಬೇಡ.