ಹಳೆ ಕಾರಿನವರ ಗೊಣಗಾಟಕ್ಕೊಂದು ರಸ್ತೆ

ಬೆಂಗಳೂರಿನ ಪುರಭವನದ ಬಳಿ ಬಸ್ಸಿಳಿದು ರವೀಂದ್ರ ಕಲಾಕ್ಷೇತ್ರದತ್ತ ಹೆಜ್ಜೆ ಹಾಕಿದರೆ ನೀವು ಜೆ.ಸಿ. ರಸ್ತೆಯಲ್ಲಿರುತ್ತೀರಿ. ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರು ಹೊತ್ತ ರಸ್ತೆಯಿದು. ನಾಟಕ, ಸಂಗೀತದ ಗೀಳಿನವರಿಗೆ ಇದು ಕಲಾಕ್ಷೇತ್ರದ ರಸ್ತೆ. ಮೋಟಾರು ವಾಹನ ಇಟ್ಟುಕೊಂಡವರಿಗೆ ಬಿಡಿಭಾಗಗಳ ರಸ್ತೆ. ಇಲ್ಲಿಂದ ಮಿನರ್ವ ವೃತ್ತದವರೆಗೆ ನಡೆದು ನೋಡಿ. ಬೇರಿಂಗು, ಬ್ರೇಕಿನ ಪ್ಯಾಡು, ಹೆಡ್‌ಲೈಟು, ಸೀಟ್ ಕವರು, ಹಾರನ್ನು, ಏನುಂಟು ಏನಿಲ್ಲ!

ಈ ಗದ್ದಲದ ನಡುವೆ ಹಳೆ ಕಾರಿನ ಮಾಲೀಕರನ್ನು ಗುರುತಿಸುವುದು ಬಲು ಸುಲಭ. ಹೊಸ ಕಾರಿನವರು ಬೇಕಾದ ಭಾಗದ ನಂಬರನ್ನು ಮೊಬೈಲಿನಲ್ಲಿ ತೋರಿಸುತ್ತಾರೆ. ಹಳೆ ಕಾರಿನವರ ಕೈಯಲ್ಲಿ ಎಣ್ಣೆ ಹತ್ತಿದ ಪತ್ರಿಕೆಯ ಪೊಟ್ಟಣವಿರುತ್ತದೆ. ಅದರೊಳಗೆ ಸವೆದುಹೋದ ಮೂಲ ಭಾಗವೇ ಇರುತ್ತದೆ. ಪೊಟ್ಟಣ ಬಿಚ್ಚಿ ಗಲ್ಲೆಯ ಮೇಲಿಡುತ್ತಾರೆ. ಅಂಗಡಿಯಾತ ತಿರುಗಿಸಿ ಮುರುಗಿಸಿ ನೋಡಿ, "ಫಿಯಟ್‌ದಾ ಸಾರ್? ಈಗೆಲ್ಲಿ ಬರುತ್ತೆ ಇದು?" ಎನ್ನುತ್ತಾನೆ. ಪಕ್ಕದಲ್ಲಿ ನಿಂತ ಇನ್ನೊಬ್ಬರು, "ನನಗೂ ಅದೇ ಬೇಕಿತ್ತು ಕಣ್ರೀ, ಮೂರು ತಿಂಗಳಿಂದ ಹುಡುಕ್ತಿದೀನಿ" ಎಂದು ದನಿಗೂಡಿಸುತ್ತಾರೆ. ಅಲ್ಲಿಗೆ ಪರಿಚಯವಾಯಿತು, ಗೊಣಗಾಟವೂ ಶುರುವಾಯಿತು.

ಹಳೆ ಕಾರಿನವರು ಕೂಡಿದಲ್ಲಿ ಕಾರಿನ ಹೊಗಳಿಕೆಗಿಂತ ದೂರೇ ಹೆಚ್ಚು. ಅಂಬಾಸಿಡರ್ ಬಗ್ಗೆ ಹಿಂದಿನಿಂದಲೂ ಒಂದು ತಮಾಷೆ ಇದೆ: ಅದರಲ್ಲಿ ಹಾರನ್ನೊಂದನ್ನು ಬಿಟ್ಟು ಮಿಕ್ಕೆಲ್ಲವೂ ಸದ್ದು ಮಾಡುತ್ತದಂತೆ! ಹಾಗೆ ನಗುವವರೇ ಅದನ್ನು ಮಾರಲೂ ಒಪ್ಪುವುದಿಲ್ಲ. ಈ ಗೊಣಗಾಟವನ್ನು ಸ್ವಲ್ಪ ಕಿವಿಗೊಟ್ಟು ಕೇಳಿದರೆ ಅದರಲ್ಲಿ ಶಾಲೆಯ ವಿಜ್ಞಾನ ಪಾಠವೂ ಇದೆ, ನಾಡಿನ ಚರಿತ್ರೆಯೂ ಇದೆ, ಹೆತ್ತವರು ಯೋಚಿಸಬೇಕಾದ ಒಂದು ಮಾತೂ ಇದೆ.

ಅರ್ಧ ಇಂಚಿನ ತಕರಾರು

ಮೊದಲ ದೂರು ನಟ್ಟು ಬೋಲ್ಟಿನದು. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ರೂಪುಗೊಂಡದ್ದು ಅಂಬಾಸಿಡರ್. 1950ರ ದಶಕದ ಕೊನೆಯಿಂದ 2014ರವರೆಗೆ ಕೋಲ್ಕತ್ತದ ಬಳಿಯ ಉತ್ತರಪಾರಾದಲ್ಲಿ ಅದು ತಯಾರಾಯಿತು. ಇಟಲಿಯ ಫಿಯಟ್ 1100 ಮುಂಬಯಿಯಲ್ಲಿ ತಯಾರಾಗಿ, ಮುಂದೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರಾಯಿತು. ಮದ್ರಾಸಿನಿಂದ ಸ್ಟ್ಯಾಂಡರ್ಡ್ ಹೆರಾಲ್ಡ್ ಬಂತು. ಬಹುಕಾಲ ನಮ್ಮ ರಸ್ತೆಗಳಲ್ಲಿ ಈ ಮೂರರದ್ದೇ ದರಬಾರು.

ಬ್ರಿಟನ್ ಮೂಲದ ಕಾರುಗಳಲ್ಲಿ ಇಂಚಿನ ಅಳತೆ, ಇಟಲಿ ಮೂಲದ್ದರಲ್ಲಿ ಮಿಲಿಮೀಟರ್. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ಹೊಸಬ ಮೆಕ್ಯಾನಿಕ್ ಅದಕ್ಕೆ 13ರ ಸ್ಪ್ಯಾನರ್ ಹಾಕುತ್ತಾನೆ. ಸ್ಪ್ಯಾನರ್ ಕೂತಂತೆಯೇ ಕಾಣುತ್ತದೆ. ಬಲ ಹಾಕಿದಾಗ ಜಾರಿ, ಆರು ಮೂಲೆಯ ನಟ್ಟು ಗುಂಡಗಾಗುತ್ತದೆ. ಆಮೇಲೆ ಚಾಣ, ಸುತ್ತಿಗೆಯೇ ಗತಿ. ಮಿಲಿಮೀಟರಿನ ಹತ್ತರಲ್ಲಿ ಮೂರು ಪಾಲಿನ ವ್ಯತ್ಯಾಸಕ್ಕೆ ಒಂದು ಭಾನುವಾರವೇ ಹಾಳು! ಅಳತೆಯಲ್ಲಿ 'ಹತ್ತಿರ ಹತ್ತಿರ' ಎಂಬುದು ನಡೆಯುವುದಿಲ್ಲವೆಂದು ಮಕ್ಕಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಜೆ.ಸಿ. ರಸ್ತೆಯಲ್ಲಿ ಸಿಗದ್ದನ್ನು ಹುಡುಕಿ ಶಿವಾಜಿನಗರದ ಗುಜರಿಗೆ ಹೋಗುವವರುಂಟು. ಅಲ್ಲಿಯೂ ಸಿಗದಿದ್ದರೆ ಲೇತ್ ಅಂಗಡಿಯೇ ಕೊನೆಯ ದಾರಿ. ಹಳೆಯದನ್ನು ತೋರಿಸಿ, ಹಾಗೆಯೇ ಹೊಸದೊಂದನ್ನು ಕಡೆಸಬೇಕು.

ಊರಿನ ಮಗುವಿಗೇ ಗತಿಯಿಲ್ಲ

ಹೊರಗಿನಿಂದ ಬಂದ ಕಾರುಗಳ ಪಾಡು ಹೀಗಾದರೆ, ಬೆಂಗಳೂರಿನಲ್ಲೇ ಹುಟ್ಟಿದವುಗಳ ಪಾಡು ಇನ್ನೂ ಕಷ್ಟ. ಈ ಊರಿನಲ್ಲಿ ಒಂದು ಕಾಲಕ್ಕೆ 'ಬಾದಲ್' ಎಂಬ ಮೂರು ಚಕ್ರದ ಕಾರು ತಯಾರಾಗುತ್ತಿತ್ತೆಂದರೆ ಇಂದಿನ ವಿದ್ಯಾರ್ಥಿಗಳು ನಂಬಲಾರರು. ಆಮೇಲೆ 1980ರ ದಶಕದಲ್ಲಿ ಇಲ್ಲಿಯ ಸಿಪಾಣಿ ಸಂಸ್ಥೆ 'ಡಾಲ್ಫಿನ್' ಎಂಬ ಪುಟ್ಟ ಕಾರು ಹೊರತಂದಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಅದರ ಮೂಲ. ಎಂಜಿನ್ನು 848 ಸಿ.ಸಿ.ಯದು, ಮೈಯೆಲ್ಲ ಫೈಬರ್ ಗ್ಲಾಸು. ಹಗುರವಾದ್ದರಿಂದ ರ‍್ಯಾಲಿಗಳಲ್ಲಿ ಚೆನ್ನಾಗಿ ಓಡಿ ಹೆಸರು ಮಾಡಿತು.

ಫೈಬರಿನ ಮೈ ತುಕ್ಕು ಹಿಡಿಯುವುದಿಲ್ಲ. ಉಪ್ಪುಗಾಳಿಗೆ ಬಾಗಿಲಿನ ಕೆಳಭಾಗವೆಲ್ಲ ಚೂರುಚೂರಾಗಿ ಉದುರುವುದನ್ನು ಕಂಡ ಮಂಗಳೂರಿನವರಿಗೆ ಇದು ವರದಂತೆ ತೋರೀತು. ಆದರೆ ಫೈಬರು ಬಿರುಕು ಬಿಡುತ್ತದೆ. ಟಿಂಕರಿಂಗಿನವರು ತಗಡನ್ನು ಬಡಿದು ಸರಿಮಾಡಿದ ಹಾಗೆ ಅದನ್ನು ಸರಿಮಾಡಲು ಬರುವುದಿಲ್ಲ. ಗಾಜಿನ ನಾರು, ರಾಳ ಹಚ್ಚಿ ಪದರ ಪದರವಾಗಿ ಕೂಡಿಸಬೇಕು. ಇದ್ದದ್ದೇ ಕೆಲವು ಕಾರು. ಬಿಡಿಭಾಗ ಮಾಡಿ ಮಾರುವವರಿಗೆ ಗಿಟ್ಟುವುದಿಲ್ಲ. ಹೀಗಾಗಿ, 'ಅಂಬಾಸಿಡರಿನ ಭಾಗ ಇಂದಿಗೂ ಹುಡುಕಿದರೆ ಸಿಗುತ್ತೆ, ನಮ್ಮೂರಲ್ಲೇ ಹುಟ್ಟಿದ ಕಾರಿನದು ಸಿಗೋದಿಲ್ಲ' ಎಂಬುದು ಡಾಲ್ಫಿನ್ ಇಟ್ಟುಕೊಂಡವರ ಕೊರಗು.

ಪೆಟ್ರೋಲಿನ ಜಗಳ

ಎರಡು ತಲೆಮಾರಿನ ಹಳೆ ಕಾರಿನವರನ್ನು ಒಂದುಗೂಡಿಸುವ ವಿಷಯವೊಂದಿದ್ದರೆ ಅದು ಪೆಟ್ರೋಲು. ಹಿಂದೆ ಪೆಟ್ರೋಲಿನಲ್ಲಿ ಸೀಸದ ಸಂಯುಕ್ತವನ್ನು ಬೆರೆಸುತ್ತಿದ್ದರು. ಎಂಜಿನ್ನು ಬಡಿದುಕೊಳ್ಳದಂತೆ ಅದು ತಡೆಯುತ್ತಿತ್ತು, ವಾಲ್ವ್ ಕೂರುವ ಜಾಗಕ್ಕೆ ತೆಳ್ಳನೆಯ ಮೆತ್ತೆಯಂತೆಯೂ ಒದಗುತ್ತಿತ್ತು. 2000ದ ಫೆಬ್ರುವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಬಂತು. ಮೆತ್ತೆ ಹೋಯಿತು, ಹಳೆ ಎಂಜಿನ್ನುಗಳಲ್ಲಿ ವಾಲ್ವಿನ ಕೂರುವ ಜಾಗ ಸವೆಯತೊಡಗಿತು. ಹೆಡ್ ಬಿಚ್ಚಿ ಗಟ್ಟಿ ಲೋಹದ ಬಳೆ ಕೂರಿಸುವ ಖರ್ಚು ಮಾಲೀಕರ ತಲೆಗೆ ಬಂತು. ಆಗ ಗೊಣಗದವರಿಲ್ಲ.

ಆದರೆ ಹೊಗೆಯಲ್ಲಿ ಹೊರಬರುತ್ತಿದ್ದ ಸೀಸ ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ವಿಷ. ಕಾರಿನ ವಾಲ್ವ್ ದೊಡ್ಡದೋ ಮಗುವಿನ ಮಿದುಳು ದೊಡ್ಡದೋ ಎಂದು ಕೇಳಿದರೆ ಉತ್ತರ ಒಂದೇ. ಗೊಣಗುತ್ತಲೇ ಖರ್ಚು ಭರಿಸಿದವರಿಗೂ ಅದು ಗೊತ್ತಿತ್ತು.

ಈಗ ಸರದಿ ಎಥನಾಲಿನದು. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಅದರ ಪಾಲು ಶೇ. 20ಕ್ಕೆ ಮುಟ್ಟಿತು. ಕಬ್ಬು, ಧಾನ್ಯಗಳಿಂದ ತೆಗೆಯುವ ಎಥನಾಲಿನಿಂದ ತೈಲದ ಆಮದು ತಗ್ಗುತ್ತದೆ, ಬೆಳೆಗಾರನಿಗೂ ಪೇಟೆಯಾಗುತ್ತದೆ ಎಂಬುದು ಅದರ ಪರವಾದ ವಾದ. ಹಳೆ ಕಾರಿನವರ ದೂರೂ ಸುಳ್ಳಲ್ಲ. ಎಥನಾಲು ಗಾಳಿಯ ತೇವ ಹೀರುತ್ತದೆ. ಆ ಕಾಲದ ರಬ್ಬರಿನ ಪೈಪು, ವಾಷರುಗಳು ಅದನ್ನು ತಡೆಯುವಂಥವಲ್ಲ, ಉಬ್ಬುತ್ತವೆ, ಬಿರಿಯುತ್ತವೆ. ತಿಂಗಳುಗಟ್ಟಲೆ ನಿಂತ ಕಾರಿನ ತಗಡಿನ ಟ್ಯಾಂಕಿನಲ್ಲಿ ತೇವ ಸೇರಿ ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಪುಡಿ ಕಾರ್ಬ್ಯುರೇಟರಿನ ಸೂಜಿಗಣ್ಣಿನಂಥ ಜೆಟ್ಟಿಗೆ ಅಡ್ಡ ಕೂರುತ್ತದೆ. ಪೈಪುಗಳನ್ನು ಬದಲಿಸುವುದು, ಕಾರನ್ನು ಬಹುಕಾಲ ಸುಮ್ಮನೆ ನಿಲ್ಲಿಸದಿರುವುದು, ಇವು ಸದ್ಯಕ್ಕೆ ಅವರು ಕಂಡುಕೊಂಡ ಉಪಾಯಗಳು.

ಘಾಟಿಯಲ್ಲಿ ಒದ್ದೆ ಬಟ್ಟೆ

ದೂರುಗಳಲ್ಲೆಲ್ಲ ರಸವತ್ತಾದದ್ದು ಘಾಟಿಯ ಪ್ರಸಂಗ. ಬೇಸಿಗೆಯಲ್ಲಿ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತುವಾಗ ಕಾರು ಎರಡು ಸಲ ಕೆಮ್ಮಿ ನಿಂತುಬಿಡುತ್ತದೆ. ಸೆಲ್ಫ್ ಹೊಡೆದರೆ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳು, ಡಿಕ್ಕಿಯಲ್ಲಿ ಮದುವೆಗೆ ಒಯ್ಯುವ ಗಂಟು. ಹೇಗಿರಬೇಡ ಮನೆಯವರ ಮಾತು!

ಕಾರಣ ಸರಳ. ಈ ಕಾರುಗಳ ಪೆಟ್ರೋಲ್ ಪಂಪು ಸಾಮಾನ್ಯವಾಗಿ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಏರಿನಲ್ಲಿ ಎಂಜಿನ್ನು ಕಾದು, ಪಂಪಿನೊಳಗಿನ ಪೆಟ್ರೋಲು ಕುದಿದು ಆವಿಯಾಗುತ್ತದೆ. ದ್ರವವನ್ನು ದೂಡುವ ಪಂಪಿಗೆ ಆವಿಯನ್ನು ದೂಡಲಾಗದು. ಬಾನೆಟ್ ಎತ್ತಿ, ಬಟ್ಟೆಯೊಂದನ್ನು ನೀರಿನಲ್ಲಿ ಅದ್ದಿ ಪಂಪಿನ ಮೇಲೆ ಹಾಕಿ, ಸ್ವಲ್ಪ ಹೊತ್ತು ಕಾದರೆ ಆವಿ ತಣಿದು ಮತ್ತೆ ದ್ರವವಾಗುತ್ತದೆ, ಕಾರು ಹೊರಡುತ್ತದೆ. ಬೇಸಿಗೆಯ ಮಣ್ಣಿನ ಹೂಜಿ ನೀರನ್ನು ತಂಪಾಗಿಡುವುದೂ ಇದೇ ನಿಯಮದಿಂದ. ನೀರು ಆರುವಾಗ ಶಾಖವನ್ನು ಒಯ್ಯುತ್ತದೆ. ಪುಸ್ತಕದ ಒಂದು ಸಾಲು ಘಾಟಿಯ ತಿರುವಿನಲ್ಲಿ ಹೀಗೆ ಕಣ್ಣೆದುರು ನಡೆದರೆ ಯಾವ ಮಗು ಮರೆತೀತು?

ಹಳತೂ ಅಲ್ಲ, ಹೊಸತೂ ಅಲ್ಲ

ನಗುತ್ತಲೇ ಸಾಗಿದ ಮಾತು ಕಾಗದಪತ್ರದ ವಿಷಯಕ್ಕೆ ಬಂದಾಗ ಬಿಗಿಯಾಗುತ್ತದೆ. ಸ್ವಂತ ಕಾರಿನ ನೋಂದಣಿ ಮೊದಲಿಗೆ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಮೊದಲು 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 10,000ಕ್ಕೆ ಏರಿಸಲಾಯಿತು.

50 ವರ್ಷ ದಾಟಿದ, ಮೂಲರೂಪ ಕೆಡದ ಖಾಸಗಿ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಬೇರೆಯೇ ನಿಯಮ ಮಾಡಿತು. ಅವು 'ವಿಂಟೇಜ್' ಎನಿಸಿಕೊಳ್ಳುತ್ತವೆ. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ. ಅದು 10 ವರ್ಷ ನಡೆಯುತ್ತದೆ. ಪ್ರದರ್ಶನ, ರ‍್ಯಾಲಿ, ರಿಪೇರಿ ಮುಂತಾದವಕ್ಕೆ ರಸ್ತೆಗಿಳಿಸಬಹುದು, ದಿನನಿತ್ಯದ ಓಡಾಟಕ್ಕಿಲ್ಲ.

ನಡುವಿನವರ ಗತಿ? 1985ರ ಪದ್ಮಿನಿ ಕಾನೂನಿನ ಕಣ್ಣಿಗೆ ಪರಂಪರೆಯಲ್ಲ, ಬರೀ ಹಳೆ ವಾಹನ. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ 800 ಮಾಲೀಕರ ಕೈಸೇರಿತಷ್ಟೆ. ಅದು ವಿಂಟೇಜ್ ಆಗಬೇಕಾದರೆ 2033 ಬರಬೇಕು. ಹಳೆ ಕಾರು ಹೆಚ್ಚು ಹೊಗೆ ಉಗುಳುತ್ತದೆ, ಅದರಲ್ಲಿ ಇಂದಿನ ಸುರಕ್ಷತೆಯ ಏರ್ಪಾಟಿಲ್ಲ ಎಂಬ ಮಾತು ನಿಜವೇ. ನಿತ್ಯ ಕಚೇರಿಗೆ ಅದರಲ್ಲೇ ಹೋಗುತ್ತೇವೆಂದು ಹಟ ಹಿಡಿಯುವವರು ಬಹಳಿಲ್ಲ. ಭಾನುವಾರ ಬೆಳಿಗ್ಗೆ ಲಾಲ್‌ಬಾಗಿನವರೆಗೊಂದು ಸುತ್ತು, ಮಾವಳ್ಳಿ ಟಿಫಿನ್ ರೂಮಿನಲ್ಲಿ ಒಂದು ಕಾಫಿ, ಮತ್ತೆ ಷೆಡ್ಡಿಗೆ. ಅಷ್ಟಕ್ಕೊಂದು ದಾರಿಯಿರಲಿ ಎಂಬುದು ಅವರ ಕೋರಿಕೆ.

ಕೈಗಳು ಎಲ್ಲಿ?

ಶುಲ್ಕ ಕಟ್ಟಬಹುದು, ಪೈಪು ಬದಲಿಸಬಹುದು. ಹಣ ಕೊಟ್ಟರೂ ಸಿಗದ್ದು ಇನ್ನೊಂದಿದೆ. ಅದು ಕೆಲಸ ಬಲ್ಲ ಕೈ.

ಹಳೆಯ ಮೆಕ್ಯಾನಿಕ್ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಆನಿಸಿ, ವೈದ್ಯರಂತೆ ರೋಗ ಹೇಳಬಲ್ಲ. ಡೆಲ್ಕೊದೊಳಗಿನ ಪಾಯಿಂಟಿಗೆ ಬೇಕಾದ, ಸುಮಾರು 0.4 ಮಿಲಿಮೀಟರಿನ ಸಂದನ್ನು ಕಣ್ಣಳತೆಯಲ್ಲೇ ಕೂರಿಸಬಲ್ಲ. ಇಂಥವರಿಗೆಲ್ಲ ಈಗ ವಯಸ್ಸಾಗಿದೆ. 2000ದ ಆಸುಪಾಸಿನಲ್ಲಿ ಹೊಸ ಕಾರುಗಳಿಂದ ಕಾರ್ಬ್ಯುರೇಟರು ಮಾಯವಾಯಿತು. ಮಾರುತಿ 800ಕ್ಕೂ ಆ ಹೊತ್ತಿಗೆ ಇಂಧನವನ್ನು ಸಿಂಪಡಿಸುವ ಹೊಸ ಏರ್ಪಾಟು ಬಂತು. ಇಂದಿನ ಹುಡುಗರು ಕಾರಿಗೆ ಸ್ಕ್ಯಾನರ್ ಜೋಡಿಸಿ ದೋಷ ಓದುತ್ತಾರೆ. ಅದೂ ಕೌಶಲವೇ. ಆದರೆ ಪದ್ಮಿನಿಗೆ ಸ್ಕ್ಯಾನರ್ ಜೋಡಿಸುವುದೆಲ್ಲಿಗೆ?

"ಮೆಕ್ಯಾನಿಕ್ಕಿನ ಮಗ ಕಂಪ್ಯೂಟರ್ ಕೆಲಸಕ್ಕೆ ಹೋದ ಸಾರ್, ಇನ್ನು ಯಾರೂ ಇಲ್ಲ" ಎಂದು ಗೊಣಗುವ ಮಾಲೀಕರು ತಮ್ಮ ಮಗನನ್ನೂ ಮಗಳನ್ನೂ ಗ್ಯಾರೇಜಿಗೆ ಕಳಿಸಿದವರಲ್ಲ! ಅವರನ್ನು ದೂರಿಯೂ ಫಲವಿಲ್ಲ. ಹಿಂದೆ ಈ ವಿದ್ಯೆ ಹಬ್ಬಿದ್ದೇ ಬಹುಪಾಲು ಶಾಲೆ ಬಿಟ್ಟ ಪುಟ್ಟ ಹುಡುಗರಿಂದ. ಸ್ಪ್ಯಾನರ್ ತಂದುಕೊಡುತ್ತ, ಬೈಸಿಕೊಳ್ಳುತ್ತ, ಚಹಾ ತರುತ್ತ ಅವರು ಕಲಿತರು. 14 ವರ್ಷದೊಳಗಿನ ಮಕ್ಕಳನ್ನು ದುಡಿಸಿಕೊಳ್ಳುವುದನ್ನು 2016ರ ತಿದ್ದುಪಡಿ ನಿಷೇಧಿಸಿದೆ. ಮಕ್ಕಳ ಓದನ್ನು ಬಲಿಕೊಟ್ಟು ಹಬ್ಬುತ್ತಿದ್ದ ಆ ದಾರಿ ಮುಚ್ಚಿದ್ದೇ ಸರಿ. ಅದರ ಜಾಗದಲ್ಲಿ ಹೊಸ ದಾರಿಯೊಂದು ತೆರೆಯಬೇಕಿತ್ತು, ಅದು ಇನ್ನೂ ಸರಿಯಾಗಿ ತೆರೆದಿಲ್ಲ.

ತೆರೆಯುವುದು ಅಸಾಧ್ಯವೇನಲ್ಲ. ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ತರಬೇತಿ ಇದೆ, ಊರೂರಿಗೆ ಎಂಜಿನಿಯರಿಂಗ್ ಕಾಲೇಜುಗಳಿವೆ. ರಜಾದಿನಗಳಲ್ಲಿ ಹತ್ತು ಮಂದಿ ವಿದ್ಯಾರ್ಥಿಗಳು ಒಬ್ಬ ಹಿರಿಯ ಮೆಕ್ಯಾನಿಕ್ಕಿನ ಮುಂದೆ ಕುಳಿತು, ಆತ ಹೇಳಿದ್ದನ್ನು ಬರೆದುಕೊಂಡು, ಒಂದು ಎಂಜಿನ್ನು ಬಿಚ್ಚಿ ಕೂಡಿಸಿದರೂ ಸಾಕು. ಪುಸ್ತಕದಲ್ಲಿ ಓದಿದ್ದು ಅವರ ಕೈಗೆ ಬರುತ್ತದೆ. ಆತನ ಕೈಯಲ್ಲಿದ್ದದ್ದು ಪುಸ್ತಕಕ್ಕೆ ಬರುತ್ತದೆ. ಆತನಿಗೆ ಮೇಷ್ಟ್ರ ಗೌರವವೂ ಸಂಭಾವನೆಯೂ ಸಲ್ಲಬೇಕು.

ರಜೆಯಲ್ಲಿ ಮಕ್ಕಳೊಂದಿಗೆ ಮೈಸೂರಿಗೆ ಹೊರಟವರು ಶ್ರೀರಂಗಪಟ್ಟಣದ ಬಳಿ ಹೆದ್ದಾರಿ ಬದಿಯ 'ಪಯಣ' ಸಂಗ್ರಹಾಲಯಕ್ಕೆ ಹೋಗಿಬರಬಹುದು. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳನ್ನು 2023ರಿಂದ ಅಲ್ಲಿ ನೋಡಬಹುದು. ಹೊಳೆಯುವ ಬಣ್ಣ, ಮಿರುಗುವ ಹಿತ್ತಾಳೆ, ಕಣ್ಣಿಗೆ ಹಬ್ಬ. ಬರುವಾಗ ಅರ್ಧ ದಿನ ಬಿಡುವು ಮಾಡಿಕೊಂಡು ಜೆ.ಸಿ. ರಸ್ತೆಯಲ್ಲೂ ಅಡ್ಡಾಡಿ. ಎಣ್ಣೆ ಹತ್ತಿದ ಪೊಟ್ಟಣ ಹಿಡಿದವರು ಕಂಡರೆ, "ಇದು ಯಾವ ಕಾರಿಂದು ಸಾರ್?" ಎಂದು ಮಕ್ಕಳು ಕೇಳಲಿ. ಗೊಣಗಾಟ ಅರ್ಧ ಗಂಟೆಗೆ ಕಡಮೆಯಾಗದು. ಅಷ್ಟರಲ್ಲಿ ಮಕ್ಕಳು ಕಲಿಯುವುದೂ ಕಡಮೆಯಾಗದು.