ದೈತ್ಯ ಹಾಸಿದ ಕಲ್ಲುಹಾದಿ

ಉತ್ತರ ಐರ್ಲೆಂಡಿನ ಬುಷ್‌ಮಿಲ್ಸ್ ಪಟ್ಟಣ ದಾಟಿ ಅಟ್ಲಾಂಟಿಕ್ ಸಾಗರದ ಅಂಚಿಗೆ ಇಳಿದರೆ, ಯಾರೋ ಅಳತೆಗೋಲು ಹಿಡಿದು ಕತ್ತರಿಸಿ ನಿಲ್ಲಿಸಿದಂತಹ ಕಪ್ಪು ಕಲ್ಲುಕಂಬಗಳು ಎದುರಾಗುತ್ತವೆ. ಒಂದೆರಡಲ್ಲ, ಸುಮಾರು 40,000! ಹೆಚ್ಚಿನವು ಆರು ಮೂಲೆಯವು. ಐದು, ಏಳು ಮೂಲೆಯವೂ ಉಂಟು. ಇದೇ 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜೈಂಟ್ಸ್ ಕಾಸ್‌ವೇ.

ಫಿನ್ ಮೆಕೂಲ್ ಎಂಬ ದೈತ್ಯ ಸ್ಕಾಟ್ಲೆಂಡಿನ ಎದುರಾಳಿಯೊಡನೆ ಕಾದಾಡಲು ಸಮುದ್ರದ ಮೇಲೆ ಹಾಸಿದ ದಾರಿಯಿದು ಎನ್ನುತ್ತದೆ ಅಲ್ಲಿನ ಕಥೆ. ಕಟ್ಟಿದವರು ಜಾಣರೇ ಸರಿ. ಆಚೆ ದಡದ ಸ್ಟಾಫಾ ದ್ವೀಪದಲ್ಲೂ ಇಂತಹವೇ ಕಂಬಗಳಿವೆ!

ನಿಜ ಸಂಗತಿ ಕಥೆಗಿಂತ ಸೊಗಸು. ಸುಮಾರು 6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾ ಇಲ್ಲಿ ದಪ್ಪನಾಗಿ ನಿಂತು ನಿಧಾನವಾಗಿ ಆರಿತು. ಆರುವಾಗ ಕುಗ್ಗಿತು, ಕುಗ್ಗಿದಾಗ ಬಿರಿಯಿತು. ಬೇಸಿಗೆಯಲ್ಲಿ ಕೆರೆಯ ಕೆಸರು ಬಿರಿಯುವುದನ್ನು ಕಂಡ ಮಕ್ಕಳಿಗೆ ಇದು ಹೊಸತೇನಲ್ಲ. ಕೆಸರು ಕಳೆದುಕೊಳ್ಳುವುದು ನೀರನ್ನು, ಲಾವಾ ಕಳೆದುಕೊಳ್ಳುವುದು ಶಾಖವನ್ನು, ಅಷ್ಟೇ. ಲಿವರ್‌ಪೂಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2018ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ: ಬಸಾಲ್ಟ್ ಸುಮಾರು 980 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗಿ, ಮತ್ತೆ 90ರಿಂದ 140 ಡಿಗ್ರಿ ಇಳಿಯುವಷ್ಟರಲ್ಲಿ ಬಿರುಕು ಬಿಡುತ್ತದೆ. ಅಂದರೆ ಕಲ್ಲು ಇನ್ನೂ ಕೆಂಡದಂತಿರುವಾಗಲೇ! ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಳೂ ಹೀಗೆಯೇ ಹುಟ್ಟಿದವು. ಅಲ್ಲಿನದು ಸಿಲಿಕಾ ಹೆಚ್ಚಿರುವ ಬೇರೆ ಬಗೆಯ ಕಲ್ಲು, ವಯಸ್ಸಿನಲ್ಲೂ ಹಿರಿದು.

ನೋಡಲು ಹಲವು ಕಾಲುಹಾದಿಗಳಿವೆ. ವಯಸ್ಸಾದವರಿಗೆ ಸಂದರ್ಶಕರ ಕೇಂದ್ರದಿಂದ ಇಳಿಯುವ ಟಾರು ರಸ್ತೆಯೇ ಸಾಕು. ಕಾಲಲ್ಲಿ ಕಸುವಿದ್ದವರು ಬಂಡೆಯ ಬುಡ ಹಿಡಿದು ಮುಂದೆ ನಡೆದು, ಸುಮಾರು 12 ಮೀಟರ್ ಎತ್ತರದ ‘ಆರ್ಗನ್’ ಕಂಬಗಳನ್ನು ನೋಡಿ, ‘ಕುರುಬನ ಮೆಟ್ಟಿಲು’ಗಳನ್ನು ಏರಬಹುದು. 162 ಮೆಟ್ಟಿಲು! ಕೊಲ್ಲಿಯ ಪೂರ್ತಿ ನೋಟ ಸಿಗುವುದು ಮೇಲಿನಿಂದಲೇ. ನೀರಿಗೆ ಸಮೀಪದ ಕಲ್ಲುಗಳು ಜಾರುತ್ತವೆ. ಮಕ್ಕಳ ಕೈ ಬಿಡಬಾರದು.

ಅಲೆಗಳಿಗೆ ಜಗ್ಗದ ಈ ಕಲ್ಲುಗಳಿಗೆ ಕಂಟಕವಾಗಿರುವುದು ಚಿಲ್ಲರೆ ಕಾಸು. ಅದೃಷ್ಟಕ್ಕೆಂದು ಪ್ರವಾಸಿಗರು ಕಂಬಗಳ ಸಂದುಗಳಿಗೆ ನಾಣ್ಯ ತುರುಕುತ್ತಾರೆ. ಉಪ್ಪುಗಾಳಿಗೆ ಅವು ತುಕ್ಕು ಹಿಡಿದು ಉಬ್ಬುತ್ತವೆ, ಅಂಚಿನ ಕಲ್ಲನ್ನು ಒಡೆಯುತ್ತವೆ, ಕಬ್ಬಿಣ, ತಾಮ್ರದ ಕಲೆ ಇಳಿಸುತ್ತವೆ. ಹಾಗೆ ಮಾಡಬೇಡಿರೆಂದು ತಾಣವನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ 2025ರಲ್ಲಿ ಬೇಡಿಕೊಂಡಿತು. ಆ ವೇಳೆಗೆ ನುರಿತ ಕಲ್ಲುಕುಟಿಗರು ಪ್ರಾಯೋಗಿಕವಾಗಿ ಹತ್ತು ಸಂದುಗಳ ನಾಣ್ಯಗಳನ್ನು ಹೆಕ್ಕಿ ತೆಗೆದಿದ್ದರು.